ಅಪ್ಪ ಕಟ್ಟಿದ ಕಾರಿಗೆ ಎಷ್ಟು ಹೇಳಲಿ?

ಪ್ರಶ್ನೆ: ಧಾರವಾಡದ ಸಪ್ತಾಪುರದ ನಮ್ಮ ಮನೆಯಲ್ಲಿ ಅಪ್ಪ ಹಳೆಯ ಕಾಂಟೆಸ್ಸಾ ಕಾರು ಬಿಚ್ಚಿ, ಪೈಪಿನ ಚಾಸಿಗೆ (ಕಾರಿನ ಅಡಿಚೌಕಟ್ಟಿಗೆ) ಫೈಬರ್ ಬಾಡಿ ಕೂರಿಸಿ, ಕೋಬ್ರಾ ಸ್ಪೋರ್ಟ್ಸ್ ಕಾರಿನ ಪ್ರತಿಕೃತಿ ಕಟ್ಟಿದ್ದರು. ಅವರ ಡೈರಿಯಲ್ಲಿ 11 ಲಕ್ಷ ಖರ್ಚಿದೆ. ಅಪ್ಪ ಈಗಿಲ್ಲ. ಹುಬ್ಬಳ್ಳಿಯವರೊಬ್ಬರು 6 ಲಕ್ಷಕ್ಕೆ ಕೇಳಿದಾಗ ನನಗೆ ಅಳುವೇ ಬಂತು. ‘15 ಲಕ್ಷ ಹೇಳು, ಕಡಿಮೆಗೆ ಕೊಟ್ಟರೆ ಅಪ್ಪನಿಗೆ ಅವಮಾನ’ ಎನ್ನುತ್ತಾನೆ ಅಣ್ಣ. ಏನು ಮಾಡಲಿ?

ಉತ್ತರ: ತಂಗೀ, ಅಳು ಬರದೆ ಹೇಗಿರುತ್ತದೆ? ಆ ಡೈರಿಯಲ್ಲಿ ಬೋಲ್ಟು, ಬಣ್ಣದ ಲೆಕ್ಕದ ಜೊತೆ ಅಪ್ಪನ ಎಷ್ಟೋ ಭಾನುವಾರಗಳೂ ಇವೆ. ಅವಕ್ಕೆ ಗಿರಾಕಿ ದುಡ್ಡು ಕೊಡಲಾರ. ಅಣ್ಣನ 15 ಲಕ್ಷದಲ್ಲಿ ಕೂತಿರುವುದು ಅವೇ. ಅವನ್ನು ಬೆಲೆಯಿಂದ ಹೊರಗಿಡಿ.

ಅಸಲಿ ಕೋಬ್ರಾ ಹುಟ್ಟಿದ್ದು 1962ರಲ್ಲಿ. ಇಂಗ್ಲೆಂಡಿನ ಎ.ಸಿ. ಕಂಪನಿಯ ಹಗುರ ಕಾರಿಗೆ ಅಮೆರಿಕದ ಕ್ಯಾರೊಲ್ ಶೆಲ್ಬಿ ಫೋರ್ಡ್ ವಿ8 ಎಂಜಿನ್ ಕೂರಿಸಿದರು. ಸಂಗ್ರಹಕಾರರು ಕೋಟಿಗಟ್ಟಲೆ ಸುರಿಯುವುದು ಅದಕ್ಕೆ. ಪ್ರತಿಕೃತಿ ಕೊಳ್ಳುವವರು ಕೈಕೆಲಸ ನೋಡುತ್ತಾರೆ: ಬಾಗಿಲಿನ ಅಂಚಿನಲ್ಲಿ ಫೈಬರ್ ಜೇಡರ ಬಲೆಯಂತೆ ಬಿರುಕು ಬಿಟ್ಟಿದೆಯೇ, ಚಾಸಿಯ ಬೆಸುಗೆಯಲ್ಲಿ ತುಕ್ಕು ಇಣುಕಿದೆಯೇ ಎಂದು ಬೆರಳಾಡಿಸುತ್ತಾರೆ. ಆಮೇಲೆ ಕಾಗದಪತ್ರ ಕೇಳುತ್ತಾರೆ.

ಬೆಲೆ ಇಳಿಯುವುದು ಅಲ್ಲಿಯೇ. ಆರ್‌ಸಿಯಲ್ಲಿ ಕಾಂಟೆಸ್ಸಾ, ಅಂಗಳದಲ್ಲಿ ಕೋಬ್ರಾ! ಮೂಲ ತಯಾರಕರ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಕೊಂಡವರು ಅದನ್ನು ಕೆಲಗೇರಿ ಕೆರೆಯವರೆಗೂ ಓಡಿಸಲಾರರು, ಮನೆಯಲ್ಲಿಟ್ಟು ನೋಡಬೇಕು. ಇದನ್ನು ತಿಳಿದೂ 6 ಲಕ್ಷ ಹೇಳಿದ್ದರೆ ಅವರು ಅಪ್ಪನ ಕೆಲಸವನ್ನು ಮನಸಾರೆ ಮೆಚ್ಚಿದವರು. ತಿಳಿಯದೆ ಹೇಳಿದ್ದರೆ ನೀವೇ ಮೊದಲು ತಿಳಿಸಿ. ಪ್ರತಿಕೃತಿ ಎಂಬ ಮಾತನ್ನೂ ರಸೀದಿಯಲ್ಲಿ ಬರೆದುಕೊಡಿ.

ಆರ್‌ಸಿ ಇನ್ನೂ ಅಪ್ಪನ ಹೆಸರಿನಲ್ಲಿದ್ದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ. ವಾರಸುದಾರರ ಹೆಸರಿಗೆ ವರ್ಗಾಯಿಸಲು ನಮೂನೆ 31 ಇದೆ. ಗಾಡಿ ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಅಲ್ಲಿ ಮುಚ್ಚಿಡಬೇಡಿ. ಅದು ಇತ್ಯರ್ಥವಾಗುವವರೆಗೆ ಮುಂಗಡ ಹಣ ಮುಟ್ಟಬೇಡಿ.

ನಂತರ 7 ಲಕ್ಷ ಹೇಳಿ. ಚೌಕಾಸಿಗೆ ಅಷ್ಟು ಜಾಗ ಸಾಕು. ಆರೂವರೆಗೆ ಕುದುರಿದರೆ ಸಂತೋಷ, ಆರಕ್ಕೇ ನಿಂತರೂ ಕೊಟ್ಟುಬಿಡಿ. ಈ ಕೊನೆಯ ಅಂಕಿಗೆ ಅಮ್ಮ, ಅಣ್ಣ ಮೊದಲೇ ಒಪ್ಪಿರಲಿ. ಗಿರಾಕಿಯ ಮುಂದೆ ಮನೆಮಂದಿ ಜಗಳವಾಡಬಾರದು. 15 ಎಂದು ಹಿಡಿದು ಕೂತರೆ ಕೇಳುವವರು ಬರುವುದಿಲ್ಲ, ಪ್ರತಿ ಮಳೆಗಾಲಕ್ಕೂ ಅಪ್ಪನ ಬೆಸುಗೆಗೆ ತುಕ್ಕು ಏರುತ್ತದೆ.

ಬಿಲ್ಲುಗಳನ್ನು ಕೊಂಡವರಿಗೆ ಕೊಡಿ. ಡೈರಿ ಕೇಳಿದರೆ ಜೆರಾಕ್ಸ್ ಮಾಡಿಸಿಕೊಡಿ. ಅಪ್ಪನ ಕೈಬರಹದ ಪ್ರತಿ ಅಮ್ಮನ ಕಪಾಟಿನಲ್ಲಿರಲಿ.