ಫಾರ್ಮ್‌ನಲ್ಲಿಲ್ಲದ ಚಿಕ್ಕ ವಯಸ್ಸಿನ ಫುಟ್‌ಬಾಲ್ ಆಟಗಾರನನ್ನು ಕ್ಲಬ್ ತೆಗೆದುಕೊಳ್ಳಬಹುದೇ?

20 ವರ್ಷದ ವಿಂಗರ್ (ಮೈದಾನದ ಅಂಚಿನಲ್ಲಿ ಮುಂದೆ ಆಡುವವನು), ಕ್ಲಬ್‌ನ ತರಬೇತಿ ಅಕಾಡೆಮಿಯಲ್ಲಿದ್ದಾಗ ಗೋಲಿನ ಮೇಲೆ ಗೋಲು, ಈಗ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ಹೋದ ಕಡೆ 600 ನಿಮಿಷ ಆಡಿದರೂ ಒಂದೂ ಗೋಲಿಲ್ಲ. ಸಮಿತಿಯಲ್ಲಿ ಅರ್ಧ ಜನ ಬೇಡ ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ಎದೆ ಧಸಕ್ಕೆಂದಿತು. ಎರಡನೇ ದರ್ಜೆಯ ಲೀಗಿನ ಒಂದು ಕ್ಲಬ್‌ನಲ್ಲಿ ಆಟಗಾರರ ಆಯ್ಕೆ ನೋಡಿಕೊಳ್ಳುತ್ತಿದ್ದಾಗ ನನ್ನ ಮೇಜಿನ ಮೇಲೆ ಇಂಥದ್ದೇ ಒಬ್ಬ ಹುಡುಗನ ಕಡತ ಇತ್ತು.

ನಮ್ಮವನಿಗೆ 19. ಎಡಗಾಲಿನ ಆಟಗಾರ, ಬಲ ವಿಂಗ್‌ನಲ್ಲಿ ಆಡಿ ಬೆಳೆದವನು. ಚೆಂಡು ಸಿಕ್ಕರೆ ಗೆರೆ ಬಿಟ್ಟು ಒಳಗೆ ನುಗ್ಗಿ ಹೊಡೆಯುವುದು ಅವನ ಆಟ. ದೊಡ್ಡ ಕ್ಲಬ್ ಒಂದರ ಅಕಾಡೆಮಿಯಿಂದ ಬಂದಿದ್ದ. ಲೋನ್ ಮೇಲೆ ಹೋದ ತಂಡ ಕೆಳದರ್ಜೆಗೆ ಇಳಿಯುವ ಭಯದಲ್ಲಿತ್ತು. ಅರ್ಧ ಸೀಸನ್ ಕಳೆಯುವಷ್ಟರಲ್ಲಿ 'ಇವನು ಹುಡುಗರ ಮಟ್ಟದ ಆಟಗಾರ, ದೊಡ್ಡವರ ಆಟಕ್ಕೆ ಸಾಲದು' ಅನ್ನುವ ಮಾತು ಎಲ್ಲ ಕಡೆ ಹಬ್ಬಿತ್ತು.

ನಾನು ಅವನ ಪಂದ್ಯಗಳನ್ನು ಕೂತು ನೋಡಿದೆ. ಏಜೆಂಟ್ ಕಳಿಸುವ ತುಣುಕುಗಳನ್ನಲ್ಲ, ಮೊದಲ ವಿಸಿಲ್‌ನಿಂದ ಕೊನೆಯ ವಿಸಿಲ್‌ವರೆಗಿನ ಇಡೀ ಪಂದ್ಯಗಳನ್ನು. ಆ ತಂಡ ಹಿಂದೆ ಐದು ಜನರನ್ನು ನಿಲ್ಲಿಸಿ ಆಡುತ್ತಿತ್ತು. ಇವನನ್ನು ವಿಂಗ್ ಬ್ಯಾಕ್ ಮಾಡಿದ್ದರು. ಅಂದರೆ ಎದುರಾಳಿಯ ವಿಂಗರ್ ಹಿಂದೆ ತನ್ನದೇ ಕಾರ್ನರ್ ಬಾವುಟದವರೆಗೆ ಓಡಬೇಕು, ಚೆಂಡು ಸಿಕ್ಕಾಗ ಗೋಲು 60-70 ಮೀಟರ್ ದೂರ, ಅಷ್ಟು ಓಡಿ ಮುಂದೆ ಬಂದಾಗ ಕಾಲಿನಲ್ಲಿ ಶಕ್ತಿ ಉಳಿದಿರುವುದಿಲ್ಲ. ಪಂದ್ಯದಲ್ಲಿ ಒಂದೆರಡು ಬಾರಿ ಎದುರಾಳಿಯ ಬಾಕ್ಸ್ (ಗೋಲಿನ ಮುಂದಿನ ಚೌಕ) ಹತ್ತಿರ ಚೆಂಡು ಸಿಕ್ಕಿದರೆ ಮಾತ್ರ ಅಕಾಡೆಮಿಯ ಹುಡುಗ ಮತ್ತೆ ಕಾಣುತ್ತಿದ್ದ: ಡಿಫೆಂಡರ್‌ನನ್ನು ದಾಟುತ್ತಿದ್ದ, ಹೊಡೆಯುತ್ತಿದ್ದ, ಇಲ್ಲವೇ ಒಳ್ಳೆ ಪಾಸ್ ಕೊಡುತ್ತಿದ್ದ. ಹಾಗಾಗಿ ಇದು ಆಟಗಾರನ ತೊಂದರೆ ಅಲ್ಲ, ಜಾಗದ ತೊಂದರೆ ಅಂತ ವರದಿ ಬರೆದೆ. ಆ ವರದಿ ಸರಿಯಾಗಿತ್ತು ಅಂತ ಇವತ್ತಿಗೂ ಹೇಳುತ್ತೇನೆ.

ಕೆಟ್ಟದ್ದು ಅಲ್ಲಿಂದ ಮುಂದೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವೂ ಈಗ ಇದೇ ಜಾಗದಲ್ಲಿ ನಿಂತಿದ್ದೀರಿ ಅನ್ನಿಸುತ್ತದೆ.

ಆಗ ನಮ್ಮ ಕೋಚ್ ಹಿಂದೆ ನಾಲ್ವರನ್ನಿಟ್ಟು, ಮುಂದೆ ಎರಡೂ ಕಡೆ ವಿಂಗರ್‌ಗಳನ್ನು ಮೇಲೆಯೇ ನಿಲ್ಲಿಸಿ ಆಡಿಸುತ್ತಿದ್ದರು. ಈ ಹುಡುಗನಿಗೆ ಹೇಳಿ ಮಾಡಿಸಿದ ಜಾಗ. ಸಭೆಯಲ್ಲಿ "ಇವನು ನಿಮಗೆ ಬೇಕೇ?" ಅಂತ ಕೇಳಿದೆ. "ಒಳ್ಳೆ ಹುಡುಗ, ಬರಲಿ" ಅಂದರು. ನಾನು ಅದನ್ನು ಒಪ್ಪಿಗೆ ಅಂದುಕೊಂಡೆ. ಅದು ಒಪ್ಪಿಗೆಯಾಗಿರಲಿಲ್ಲ. ಯಾವ ಕೋಚೂ ಇನ್ನೊಬ್ಬ ಆಟಗಾರ ಬರುತ್ತಾನೆ ಅಂದರೆ ಬೇಡ ಅನ್ನುವುದಿಲ್ಲ. ದುಡ್ಡು ಅವರ ಜೇಬಿನದ್ದಲ್ಲ, ಆಡಿಸಲೇಬೇಕು ಅನ್ನುವ ಕಟ್ಟುಪಾಡೂ ಇಲ್ಲ. ನಾನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಇವನನ್ನು ಆಡಿಸುವುದಕ್ಕೆ ಈಗಿನ ಹನ್ನೊಂದು ಜನರಲ್ಲಿ ಯಾರನ್ನು ಬೆಂಚಿನಲ್ಲಿ ಕೂರಿಸುತ್ತೀರಿ? ಅದಕ್ಕಿಂತ ಮುಖ್ಯವಾದದ್ದು: ಮೇಲಿಂದ ಮೇಲೆ ಸೋತರೆ ನಿಮ್ಮ ತಂಡ ಹೇಗೆ ಆಡುತ್ತದೆ?

ಈ ಎರಡನೆಯ ಪ್ರಶ್ನೆ ನನ್ನ ತಲೆಗೆ ಹೊಳೆಯಲೇ ಇಲ್ಲ. ಗೆಲ್ಲುತ್ತಿರುವಾಗಿನ ತಂಡವನ್ನು ನೋಡಿ ಹುಡುಗನಿಗೆ ಜಾಗ ಲೆಕ್ಕ ಹಾಕಿದೆ. ಕಾಗದಪತ್ರ ಓಡಾಡುತ್ತಿರುವಾಗಲೇ ನಾವು ಸೋಲತೊಡಗಿದೆವು. ಕೋಚ್ ಮೇಲೆ ಒತ್ತಡ ಬಿತ್ತು. ಒಂದು ಶನಿವಾರ ಹಿಂದೆ ಐದು ಜನರನ್ನು ನಿಲ್ಲಿಸಿದರು. ನಾನು ಗ್ಯಾಲರಿಯಲ್ಲೇ ಇದ್ದೆ, ಕಣ್ಣಾರೆ ನೋಡಿದೆ. ಯಾವ ಜಾಗದಲ್ಲಿ ಆಡಿಸಿ ಆ ಹುಡುಗನನ್ನು ಹಾಳು ಮಾಡಿದರು ಅಂತ ನಾನೇ ಪುಟಗಟ್ಟಲೆ ಬರೆದಿದ್ದೆನೋ, ಅದೇ ಜಾಗ ನನ್ನ ಕಣ್ಣೆದುರಿಗೇ ನಮ್ಮ ತಂಡದಲ್ಲಿ ಹುಟ್ಟಿಕೊಂಡಿತು. ಮುಂದಿನ ವಾರವೂ ಹಾಗೆಯೇ ಆಡಿದರು. 'ತಾತ್ಕಾಲಿಕ, ಒಂದು ಗೆಲುವು ಬಂದರೆ ಸರಿಹೋಗುತ್ತದೆ' ಅಂತ ನನಗೆ ನಾನೇ ಹೇಳಿಕೊಂಡೆ. ಸಮಿತಿಯ ಮುಂದೆ ಅಷ್ಟು ವಾದ ಮಾಡಿ ಒಪ್ಪಿಸಿದ್ದೆ, ಈಗ ನಿಲ್ಲಿಸಿ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಕನಿಷ್ಠ ಹುಡುಗನಿಗೆ ಒಂದು ಫೋನ್ ಮಾಡಿ 'ಇಲ್ಲಿ ಆಟ ಬದಲಾಗಿದೆ, ಬರುವ ಮೊದಲು ಯೋಚಿಸು' ಅಂತ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಟ್ರಾನ್ಸ್‌ಫರ್ ಅವಧಿ ಮುಗಿಯುವ ಕೊನೆಯ ದಿನ ಸಹಿ ಆಯಿತು. ಮೊದಲ ಪಂದ್ಯದಲ್ಲೇ ಅವನನ್ನು ಬಲಗಡೆ ವಿಂಗ್ ಬ್ಯಾಕ್ ಮಾಡಿದರು.

ಆಮೇಲಿನದ್ದನ್ನು ನೀವೇ ಊಹಿಸಬಹುದು. ಕೆಲವು ಪಂದ್ಯಗಳಲ್ಲಿ ಹಿಂದೆ ಬಿದ್ದಾಗ ಕೊನೆಯ ಹತ್ತು ನಿಮಿಷಕ್ಕೆ ಇಳಿಸಿದರು, ಆಮೇಲೆ ತಂಡದ ಪಟ್ಟಿಯಿಂದಲೇ ಕೈಬಿಟ್ಟರು. ಪ್ರೇಕ್ಷಕರು ಕೂಗಾಡಿದರು. ನನಗೆ ಅದೆಲ್ಲಕ್ಕಿಂತ ನೋವಾಗಿದ್ದು ಇನ್ನೊಂದು: ಅವನು ಎದುರಾಳಿಯನ್ನು ದಾಟುವ ಪ್ರಯತ್ನವನ್ನೇ ಬಿಟ್ಟ. ಚೆಂಡು ಬಂದ ಕೂಡಲೇ ಹಿಂದಕ್ಕೆ ಪಾಸ್. ಆ ಧೈರ್ಯವೊಂದನ್ನು ನೋಡಿಯೇ ನಾವು ಅವನನ್ನು ತಂದದ್ದು. ಲೋನ್ ಒಪ್ಪಂದದಲ್ಲಿ, ಮೊದಲೇ ಗೊತ್ತುಮಾಡಿದ ಬೆಲೆಗೆ ಅವನನ್ನು ಕೊಂಡುಕೊಳ್ಳುವ ಹಕ್ಕು ನಮಗಿತ್ತು. ಸೀಸನ್ ಮುಗಿದಾಗ ಸಮಿತಿ ಅದನ್ನು ಚರ್ಚೆಗೂ ತೆಗೆದುಕೊಳ್ಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಇನ್ನೊಂದು ಕ್ಲಬ್ ಅವನನ್ನು ಕೊಂಡು ಸ್ಟ್ರೈಕರ್ ಹಿಂದೆ, ಮಧ್ಯದಲ್ಲಿ ಆಡಿಸಿತು. ಈಗ ಮೇಲ್ದರ್ಜೆಯಲ್ಲಿ ಆಡುತ್ತಿದ್ದಾನೆ. ನಮ್ಮ ಕೈಯಲ್ಲಿದ್ದ ಬೆಲೆಯ ಹಲವು ಪಟ್ಟು ಕೊಟ್ಟು ಅವನನ್ನು ಅಲ್ಲಿಗೆ ಕೊಂಡೊಯ್ದರು. ಅತ್ತ ಸಮಿತಿಯಲ್ಲಿ ನನ್ನ ಮಾತಿಗೆ ಬೆಲೆ ಹೋಯಿತು; ಆಮೇಲೆ ನಾನು ಸೂಚಿಸಿದ ಚಿಕ್ಕ ವಯಸ್ಸಿನವರ ಹೆಸರುಗಳನ್ನು ಯಾರೂ ಕಿವಿಗೇ ಹಾಕಿಕೊಳ್ಳಲಿಲ್ಲ.

ಈಗ ನಿಮ್ಮ ವಿಷಯ. 'ಸರಿಯಾಗಿ ಆಡದ ಹುಡುಗ' ಅಂತ ಬರೆದಿದ್ದೀರಿ. ಆ ಮಾತನ್ನೇ ನಾನು ಒಪ್ಪುವುದಿಲ್ಲ. 600 ನಿಮಿಷ ಅಂದರೆ ಪೂರ್ತಿ 7 ಪಂದ್ಯವೂ ಆಗಲಿಲ್ಲ. ಅದೂ ಒಂದು ದಿನ 15 ನಿಮಿಷ, ಇನ್ನೊಂದು ದಿನ 20 ನಿಮಿಷ ಅಂತ ಚೂರುಚೂರಾಗಿ ಸಿಕ್ಕಿದ್ದರೆ ಅದರಲ್ಲಿ ಗೋಲು ಎಣಿಸುವುದಕ್ಕೆ ಅರ್ಥವೇ ಇಲ್ಲ. ಎಣಿಸಲೇಬೇಕಿದ್ದರೆ 90 ನಿಮಿಷಕ್ಕೆ ಎಷ್ಟು ಶಾಟ್, ಎದುರಾಳಿಯ ಬಾಕ್ಸ್ ಒಳಗೆ ಎಷ್ಟು ಸಲ ಚೆಂಡು ಮುಟ್ಟಿದ, ಚೆಂಡು ಸಿಕ್ಕಾಗ ಮೈದಾನದ ಯಾವ ಭಾಗದಲ್ಲಿದ್ದ ಅನ್ನುವುದನ್ನು ಎಣಿಸಿ. ಬಾಕ್ಸ್ ಒಳಗೆ ಚೆಂಡೇ ಸಿಗದವನು ಗೋಲು ಹೊಡೆಯಲಿಲ್ಲ ಅಂತ ದೂರುವುದು ಅನ್ಯಾಯ. ಬೇಕಾದಷ್ಟು ಚೆಂಡು ಸಿಕ್ಕಿಯೂ ಹೊಡೆಯಲು ಹಿಂಜರಿದಿದ್ದಾನೆ ಅಂತ ಕಂಡುಬಂದರೆ, ಆಗ ಮಾತ್ರ ನಿಮ್ಮ ಸಮಿತಿಯವರ ಅನುಮಾನದಲ್ಲಿ ಹುರುಳಿದೆ.

ಗ್ಯಾರೆತ್ ಬೇಲ್ ಉದಾಹರಣೆಯನ್ನು ನಿಮ್ಮ ಸಮಿತಿಯ ಮುಂದಿಡಿ. 2007ರಲ್ಲಿ ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್‌ಗೆ ಬಂದವನು ಆಡಿದ ಮೊದಲ 24 ಲೀಗ್ ಪಂದ್ಯಗಳಲ್ಲಿ ಒಂದನ್ನೂ ತಂಡ ಗೆಲ್ಲಲಿಲ್ಲ. ಆ ಸರಣಿ ಮುರಿದದ್ದು 2009ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಅವನನ್ನು ಅಪಶಕುನ ಅನ್ನುವವರೂ ಇದ್ದರು. ಲೆಫ್ಟ್ ಬ್ಯಾಕ್, ಅಂದರೆ ಎಡಗಡೆಯ ಡಿಫೆಂಡರ್ ಆಗಿ ಬಂದಿದ್ದವನನ್ನು ಮುಂದೆ ತಂದು ವಿಂಗ್‌ನಲ್ಲಿ ಬಿಟ್ಟರು. 2010ರ ಅಕ್ಟೋಬರ್‌ನಲ್ಲಿ ಆಗಿನ ಯುರೋಪಿಯನ್ ಚಾಂಪಿಯನ್ ಇಂಟರ್ ಮಿಲಾನ್ ವಿರುದ್ಧ, ಅವರದೇ ಮೈದಾನದಲ್ಲಿ ಹ್ಯಾಟ್ರಿಕ್ ಹೊಡೆದ. ಥಿಯರಿ ಆನ್ರಿ 1999ರಲ್ಲಿ ಯುವೆಂಟಸ್‌ನಲ್ಲಿ ಅರ್ಧ ಸೀಸನ್ ಪಕ್ಕದ ಗೆರೆಯ ಹತ್ತಿರ ಓಡಾಡಿ ಲೀಗ್‌ನಲ್ಲಿ ಹೊಡೆದದ್ದು 3 ಗೋಲು; ಅದೇ ವರ್ಷ ಆರ್ಸೆನಲ್‌ಗೆ ಕರೆದುಕೊಂಡು ಹೋದ ಆರ್ಸೆನ್ ವೆಂಗರ್ ಮಧ್ಯಕ್ಕೆ ತಂದು ನಿಲ್ಲಿಸಿದರು, ಆ ಕ್ಲಬ್‌ಗೆ ಒಟ್ಟು 228 ಗೋಲು ಹೊಡೆದ. ಸೆರ್ಜ್ ನಾಬ್ರಿಯದ್ದು ನಿಮ್ಮ ಹುಡುಗನಿಗೆ ಇನ್ನೂ ಹತ್ತಿರದ ಕಥೆ. 2015-16ರಲ್ಲಿ ಆರ್ಸೆನಲ್‌ನಿಂದ ವೆಸ್ಟ್ ಬ್ರಾಮ್‌ವಿಚ್‌ಗೆ ಲೋನ್ ಮೇಲೆ ಹೋಗಿ ಲೀಗ್‌ನಲ್ಲಿ ಒಂದೇ ಒಂದು ಪಂದ್ಯ, ಅದೂ ಸಬ್‌ಸ್ಟಿಟ್ಯೂಟ್ ಆಗಿ. ಮರು ಸೀಸನ್‌ನಲ್ಲಿ ವೆರ್ಡರ್ ಬ್ರೆಮೆನ್‌ಗೆ 11 ಲೀಗ್ ಗೋಲು, 2020ರಲ್ಲಿ ಬಾಯರ್ನ್ ಮ್ಯೂನಿಕ್ ಜೊತೆ ಚಾಂಪಿಯನ್ಸ್ ಲೀಗ್. ಅದೇ ಹುಡುಗ, ಅದೇ ಕಾಲು.

ಹಾಗಂತ ಈ ಮೂರು ಹೆಸರು ಹಿಡಿದು ಸಹಿ ಹಾಕಿಬಿಡಿ ಅನ್ನುತ್ತಿಲ್ಲ. ಗೆದ್ದವರ ಕಥೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ಫ್ರೆಡಿ ಆಡು 2004ರಲ್ಲಿ 14ನೇ ವಯಸ್ಸಿಗೇ ಡಿ.ಸಿ. ಯುನೈಟೆಡ್ ಪರ ವೃತ್ತಿಪರ ಫುಟ್‌ಬಾಲ್‌ಗೆ ಇಳಿದ, 2007ರಲ್ಲಿ ಬೆನ್ಫಿಕಾ ಸೇರಿದ, ಅಲ್ಲಿಂದ ಮೊನಾಕೊ, ಬೆಲೆನೆನ್ಸಸ್, ಆರಿಸ್, ರಿಜೆಸ್ಪೋರ್ ಅಂತ ಲೋನ್ ಮೇಲೆ ಲೋನ್. ಪ್ರತಿ ಕ್ಲಬ್ಬೂ ಇಲ್ಲಿ ಅರಳಬಹುದು ಅಂತ ನಂಬಿಯೇ ಕರೆದಿರುತ್ತದೆ. ಅವನು ಅರಳಲಿಲ್ಲ.

ಅಕಾಡೆಮಿಯ ಗೋಲುಗಳ ಬಗ್ಗೆಯೂ ಒಂದು ಮಾತು. ಹುಡುಗ ಹುಟ್ಟಿದ ತಿಂಗಳು ನೋಡಿ. ಜನವರಿ 1ರಿಂದ ವಯಸ್ಸು ಲೆಕ್ಕ ಹಾಕುವ ಕಡೆಗಳಲ್ಲಿ ಅಕಾಡೆಮಿಗಳ ತುಂಬ ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರೇ ಜಾಸ್ತಿ. ಇದನ್ನು ಮತ್ತೆಮತ್ತೆ ಅಧ್ಯಯನ ಮಾಡಿ ತೋರಿಸಿದ್ದಾರೆ. 13-14ರ ವಯಸ್ಸಿನಲ್ಲಿ ಹತ್ತು ತಿಂಗಳ ಹಿರಿತನ ಅಂದರೆ ಎತ್ತರ, ತೂಕ, ಓಟ ಎಲ್ಲದರಲ್ಲೂ ದೊಡ್ಡ ವ್ಯತ್ಯಾಸ. ಬೇಗ ಬೆಳೆದ ಹುಡುಗ ಬರೀ ವೇಗದಿಂದಲೇ ಗೋಲು ಹೊಡೆದಿರಬಹುದು, 20ಕ್ಕೆ ಬರುವಷ್ಟರಲ್ಲಿ ಉಳಿದವರೂ ಅವನ ಸಮಕ್ಕೆ ಬಂದಿರುತ್ತಾರೆ. ತಡವಾಗಿ ಬೆಳೆದು, ಮೈಕಟ್ಟಿಲ್ಲದೆಯೂ ಗೋಲು ಹೊಡೆದವನಾಗಿದ್ದರೆ ಮಾತ್ರ ನನಗೆ ಆಸೆ ಹುಟ್ಟುತ್ತದೆ. ಕಳೆದ ಎರಡು ವರ್ಷದ ಗಾಯಗಳ ವಿವರವನ್ನೂ ನಿಮ್ಮ ವೈದ್ಯರ ಕೈಯಲ್ಲೇ ಓದಿಸಿ.

ನಿಮ್ಮಲ್ಲೂ ಯಾರಾದರೂ 'ಅವನಿಗೆ ಮನೋಬಲ ಇಲ್ಲ' ಅಂದೇ ಅನ್ನುತ್ತಾರೆ. ಆ ಮಾತಿಗೆ ಸೊಪ್ಪು ಹಾಕಬೇಡಿ. ನಮ್ಮ ಸಮಿತಿಯಲ್ಲಿ ಅದನ್ನು ಹೇಳಿದವರಲ್ಲಿ ಒಬ್ಬರೂ ಆ ಹುಡುಗನ ಜೊತೆ ಕೂತು ಮಾತಾಡಿರಲಿಲ್ಲ. ನೀವು ಮಾತಾಡಿ. ಯಾಕೆ ಗೋಲು ಬರಲಿಲ್ಲ ಅಂತ ನೇರವಾಗಿ ಕೇಳಿ. ತನ್ನನ್ನು ಎಲ್ಲಿ ನಿಲ್ಲಿಸಿದ್ದರು, ಏನು ಹೇಳಿದ್ದರು, ತಾನು ಎಲ್ಲಿ ಎಡವಿದೆ ಅಂತ ಬಿಡಿಸಿ ಹೇಳಬಲ್ಲವನು ತನ್ನ ಆಟವನ್ನು ಅರ್ಥ ಮಾಡಿಕೊಂಡಿದ್ದಾನೆ. ಕೋಚನ್ನೋ ಅದೃಷ್ಟವನ್ನೋ ದೂರಿ ಸುಮ್ಮನಾಗುವವನ ವಿಷಯದಲ್ಲಿ ನಾನಾದರೆ ಮುಂದುವರಿಯುವುದಿಲ್ಲ.

ಕೊಳ್ಳುವುದೋ ಲೋನೋ ಅಂತ ಕೊನೆಯಲ್ಲಿ ಕೇಳಿದ್ದೀರಿ. ಕೊಂಡುಕೊಳ್ಳುವ ಹಕ್ಕಿಲ್ಲದ ಲೋನ್ ಅಂದರೆ ಬೇರೆಯವರ ಹೊಲಕ್ಕೆ ನೀರು ಹಾಯಿಸಿದ ಹಾಗೆ, ಬೇಡವೇ ಬೇಡ. ಹಕ್ಕು ಬರೆಸಿಕೊಳ್ಳಿ, ಅದನ್ನು ಬಳಸಬೇಕೋ ಬೇಡವೋ ಅನ್ನುವುದನ್ನು ಸೀಸನ್ ಮುಗಿದ ಮೇಲಿನ ಸಿಟ್ಟಿನಲ್ಲಿ ತೀರ್ಮಾನಿಸಬೇಡಿ. ಬೇರೆ ದೇಶದ ಕ್ಲಬ್‌ನಿಂದ ಕೊಳ್ಳುವುದಾದರೆ, ಅವನಿಗೆ 23 ತುಂಬುವವರೆಗೂ, 12ನೇ ವಯಸ್ಸಿನಿಂದ ಅವನನ್ನು ಬೆಳೆಸಿದವರಿಗೆ ಫಿಫಾ ನಿಯಮದ ಪ್ರಕಾರ ತರಬೇತಿ ಪರಿಹಾರ ಕೊಡಬೇಕಾಗಿ ಬರಬಹುದು. ಪುಕ್ಕಟೆ ಸಿಗುತ್ತಿದ್ದಾನೆ ಅಂತ ಏಜೆಂಟ್ ಹೇಳಿದರೆ ಮೊದಲು ಈ ಲೆಕ್ಕ ಹಾಕಿ.

ಇಷ್ಟೆಲ್ಲ ಮಾಡುವುದಕ್ಕೂ ಮೊದಲು ನಾಳೆಯೇ ಕೋಚ್ ಹತ್ತಿರ ಹೋಗಿ. ಯಾರನ್ನು ಕೂರಿಸುತ್ತೀರಿ ಅಂತ ಕೇಳಿ, ಒಂದು ಹೆಸರು ಬರುವವರೆಗೆ ಏಳಬೇಡಿ. 'ನೋಡೋಣ', 'ಪೈಪೋಟಿ ಇರಲಿ' ಅನ್ನುವ ಉತ್ತರ ಬಂದರೆ ಹುಡುಗನನ್ನು ಕರೆಯಬೇಡಿ. ಅವನು ಎಷ್ಟೇ ಚೆನ್ನಾಗಿದ್ದರೂ ನಿಮ್ಮಲ್ಲಿ ಅವನಿಗೆ ಜಾಗವಿಲ್ಲ, ಅವನಿಗೆ ಇನ್ನೊಂದು ವರ್ಷ ಕಳೆದುಕೊಳ್ಳುವ ವಯಸ್ಸೂ ಅಲ್ಲ. ಹೆಸರು ಹೇಳಿದರೆ, ಸೋಲುತ್ತಿರುವಾಗ ತಂಡ ಹೇಗೆ ನಿಲ್ಲುತ್ತದೆ ಅಂತ ಹಾಳೆಯ ಮೇಲೆ ಬರೆದು ತೋರಿಸಿ ಅನ್ನಿ. ಆ ಚಿತ್ರದಲ್ಲೂ ಹುಡುಗ ಎದುರಾಳಿಯ ಗೋಲಿನ ಹತ್ತಿರ ಇದ್ದರೆ ನನ್ನ ಓಟು 'ಅವನನ್ನು ತೆಗೆದುಕೊಳ್ಳಿ' ಅನ್ನುವ ಕಡೆಗೆ, ಸಮಿತಿಯ ಅರ್ಧ ಜನ ಏನೇ ಅನ್ನಲಿ.

ಇನ್ನೊಂದನ್ನು ಮರೆಯಬೇಡಿ. ಫಿಫಾ ನಿಯಮದಲ್ಲಿ ಒಬ್ಬ ಆಟಗಾರ ಒಂದು ಸೀಸನ್‌ನಲ್ಲಿ 3 ಕ್ಲಬ್‌ಗಳಲ್ಲಿ ನೋಂದಣಿ ಮಾಡಿಸಬಹುದು, ಆದರೆ ಅಧಿಕೃತ ಪಂದ್ಯ ಆಡಲು ಸಾಮಾನ್ಯವಾಗಿ ಅವಕಾಶವಿರುವುದು 2 ಕ್ಲಬ್‌ಗಳಿಗೆ ಮಾತ್ರ. ನಿಮ್ಮ ಹುಡುಗ ಲೋನ್‌ಗೆ ಹೋಗುವ ಮೊದಲು ಇದೇ ಸೀಸನ್‌ನಲ್ಲಿ ತನ್ನ ಮೂಲ ಕ್ಲಬ್‌ಗೆ ಒಂದು ಕಪ್ ಪಂದ್ಯದಲ್ಲಿ ಕೆಲವೇ ನಿಮಿಷ ಇಳಿದಿದ್ದರೂ, ನೀವು ಸಹಿ ಹಾಕಿಸಿಕೊಂಡ ಮೇಲೆ ಅವನು ಸೀಸನ್ ಮುಗಿಯುವವರೆಗೆ ಗ್ಯಾಲರಿಯಲ್ಲಿ ಕೂರಬೇಕಾಗಬಹುದು. ಏಜೆಂಟ್‌ಗೆ ಫೋನ್ ಮಾಡುವ ಮೊದಲು ಆ ದಾಖಲೆ ತರಿಸಿಕೊಳ್ಳಿ.