ವಾಸಿಯಾಗದ ಕಾಯಿಲೆಗೆ ‘ಕರೆಂಟ್’ ಏಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ಅನ್ನನಾಳದ ಕ್ಯಾನ್ಸರ್ ಲಿವರ್‌ಗೂ ಹರಡಿದೆ. ಮೂರು ತಿಂಗಳ ಹಿಂದೆ ಮುದ್ದೆ ಉಣ್ಣುತ್ತಿದ್ದವರಿಗೆ ಈಗ ಅಂಬಲಿ, ಗಂಜಿ ಮಾತ್ರ ಇಳಿಯುತ್ತದೆ. ವೈದ್ಯರು ಹತ್ತು ದಿನ ಕರೆಂಟ್ ಕೊಡಿಸಿ ಎನ್ನುತ್ತಾರೆ. ವಾಸಿಯಾಗುವುದಿಲ್ಲ ಎಂದ ಮೇಲೆ ಅವರನ್ನೇಕೆ ಸುಡಿಸಬೇಕು?
– ಓದುಗರು, ಚಳ್ಳಕೆರೆ ತಾಲ್ಲೂಕು

ಉತ್ತರ: ಮುದ್ದೆ ಅಗಿಯುವ ಊಟವಲ್ಲ, ನುಂಗುವ ಊಟ, ಆದ್ದರಿಂದಲೇ ಚಿತ್ರದುರ್ಗದ ಕಡೆಯ ಮನೆಗಳಲ್ಲಿ ಈ ತೊಂದರೆ ಮೊದಲು ಮುದ್ದೆಯ ತುತ್ತಿನಲ್ಲೇ ಗೊತ್ತಾಗುವುದುಂಟು. ನಿಮ್ಮ ವೈದ್ಯರು ಹೇಳಿರುವ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆಯ ಗುರಿ ರೋಗವನ್ನು ಬೇರುಸಹಿತ ಕೀಳುವುದಲ್ಲ, ದಾರಿ ಕಟ್ಟಿರುವ ಗಡ್ಡೆಯನ್ನು ಕುಗ್ಗಿಸಿ ಊಟ ಇಳಿಯುವಂತೆ ಮಾಡುವುದು. ಅದು ಸಣ್ಣ ಲಾಭವೆಂದು ನನಗೆ ಅನ್ನಿಸುವುದಿಲ್ಲ.

ಕರೆಂಟ್ ಎಂದು ಜನ ಕರೆದರೂ ಇದರಲ್ಲಿ ವಿದ್ಯುತ್ ಹಾಯಿಸುವುದಿಲ್ಲ. ಇವು ಹೆಚ್ಚು ಶಕ್ತಿಯ ಎಕ್ಸ್-ರೇ ಕಿರಣಗಳು. ಮೇಜಿನ ಮೇಲೆ ಕೆಲವು ನಿಮಿಷ ಅಲುಗಾಡದೆ ಮಲಗಿದರೆ ಸಾಕು, ಆಗ ನೋವೂ ಇಲ್ಲ, ಬಿಸಿಯೂ ಇಲ್ಲ. ಸಾಮಾನ್ಯವಾಗಿ 10 ಸರದಿಗಳಲ್ಲಿ 30 ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ), ಇಲ್ಲವೇ 5 ಸರದಿಗಳಲ್ಲಿ 20 ಗ್ರೇ ಕೊಡುತ್ತಾರೆ. ಆದರೆ ಫಲ ಮರುದಿನವೇ ಕಾಣುವುದಿಲ್ಲ, ಕೆಲವು ವಾರ ಬೇಕು. ಆರಂಭದಲ್ಲಿ ಅನ್ನನಾಳ ಊದಿಕೊಂಡು ನುಂಗುವುದು ಇನ್ನಷ್ಟು ಕಷ್ಟವಾಗಬಹುದು, ಎದೆ ಉರಿಯಬಹುದು. ಇದನ್ನು ಮೊದಲೇ ತಿಳಿದಿರದ ಮನೆಯವರು ಗಾಬರಿಯಾಗಿ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ.

ಎಂಜಲೂ ಇಳಿಯದ ಸ್ಥಿತಿಯಿದ್ದರೆ ಅಷ್ಟು ದಿನ ಕಾಯುವಂತಿಲ್ಲ. ಆಗ ಎಂಡೋಸ್ಕೋಪಿಯ (ಬಾಯಿಯಿಂದ ಇಳಿಸುವ ಕ್ಯಾಮೆರಾ ಕೊಳವೆ) ಮೂಲಕ ಸ್ಟೆಂಟ್, ಅಂದರೆ ದಾರಿಯನ್ನು ಅಗಲಿಸಿ ಹಿಡಿಯುವ ಕೊಳವೆ ಕೂರಿಸಿದರೆ ಕೆಲವೇ ದಿನಗಳಲ್ಲಿ ದಾರಿ ತೆರೆಯುತ್ತದೆ. ಗಂಜಿ ಇಳಿಯುತ್ತಿರುವ ನಿಮ್ಮ ತಂದೆಯವರಿಗೆ ವಿಕಿರಣ ಸೂಕ್ತವೆಂದೇ ನನಗೆ ತೋರುತ್ತದೆ. ಜೊತೆಗೆ ಕೀಮೋ (ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧಿ) ಕೊಡುತ್ತಿಲ್ಲವೆಂದು ಕೊರಗಬೇಡಿ. ಇಂಥ ರೋಗಿಗಳಲ್ಲಿ ವಿಕಿರಣವೊಂದನ್ನೇ ಕೊಡುವುದನ್ನೂ ಕೀಮೋ ಸೇರಿಸಿ ಕೊಡುವುದನ್ನೂ ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೀಮೋ ಸೇರಿಸಿದ್ದರಿಂದ ನುಂಗುವಿಕೆ ಗಮನಾರ್ಹವಾಗಿ ಸುಧಾರಿಸಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತು.

ಒಂದನ್ನು ತಪ್ಪದೆ ಗಮನಿಸಿ: ನೀರು ಕುಡಿದಾಗಲೆಲ್ಲ ಕೆಮ್ಮು ಬರುತ್ತಿದ್ದರೆ ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ರಂಧ್ರವಾಗಿರುವ ಸಾಧ್ಯತೆಯಿದೆ, ಅದನ್ನು ಚಿಕಿತ್ಸೆ ಶುರುವಾಗುವ ಮುನ್ನವೇ ವೈದ್ಯರಿಗೆ ತಿಳಿಸಿ. ಅಲ್ಲಿಯವರೆಗೆ ಅಂಬಲಿಯನ್ನು ಸೋಸಿ, ಹಾಲು, ಬೇಳೆಕಟ್ಟು, ತುಪ್ಪ ಬೆರೆಸಿ, ನೆಟ್ಟಗೆ ಕೂರಿಸಿ, ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಿ. ನಿಮ್ಮ ಅಭಿಪ್ರಾಯ ಬರೆದಿದ್ದೀರಿ, ತಂದೆಯವರದನ್ನು ಬರೆದಿಲ್ಲ. ಇಷ್ಟನ್ನೂ ಅವರಿಗೆ ವಿವರಿಸಿ, ಅವರನ್ನೇ ಕೇಳಿ.