ಎಷ್ಟು ಸಲ ಹೋದರೂ ಪೂರ್ತಿ ಆಗಲಿಲ್ಲ ಅನ್ನಿಸುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 34 ವರ್ಷ. ತೀರ್ಥಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗುತ್ತೇನೆ. ಒಂದು ವರ್ಷದಿಂದ ಆಗಾಗ ಹೊಟ್ಟೆನೋವು, ಟಾಯ್ಲೆಟ್ಟಿಗೆ ಹೋಗಿ ಬಂದರೆ ಸ್ವಲ್ಪ ಕಡಿಮೆ. ಬೆಳಿಗ್ಗೆ ಮೂರ್ನಾಲ್ಕು ಸಲ ಹೋದರೂ ಇನ್ನೂ ಉಳಿದಿದೆ ಅನ್ನಿಸುತ್ತದೆ. ಗುದದ್ವಾರದ ಒಳಗೆ ಏನೋ ಒತ್ತಿದ ಹಾಗಾಗುತ್ತದೆ. ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವುದು), ರಕ್ತ ಪರೀಕ್ಷೆ ಎಲ್ಲಾ ನಾರ್ಮಲ್. ಐಬಿಎಸ್ ಅಂದಿದ್ದಾರೆ, ಕರುಳು ಬೇಗ ಕೆರಳುವ ತೊಂದರೆಯಂತೆ. ಮೂಲವ್ಯಾಧಿ ಇರಬಹುದಾ?

ಉತ್ತರ: ರಿಪೋರ್ಟ್ ಸರಿ ಇದ್ದರೂ ನಿಮ್ಮ ನೋವು ನಿಜವೇ. ಐಬಿಎಸ್‌ನಲ್ಲಿ ಕರುಳಿನ ನರಗಳು ತೀರಾ ಸೂಕ್ಷ್ಮವಾಗಿರುತ್ತವೆ. ಸ್ವಲ್ಪ ಗ್ಯಾಸ್ ಇಳಿದರೂ ಗುದನಾಳ ತುಂಬಿದೆ ಅನ್ನಿಸುತ್ತದೆ. ನೀವು ಕೂತು ತಿಣುಕುತ್ತೀರಿ. ಒಳಗೆ ಏನೂ ಇರುವುದಿಲ್ಲ. ತಿಣುಕಿ ತಿಣುಕಿ ಅಲ್ಲಿನ ಸ್ನಾಯು ಬಿಗಿದುಕೊಳ್ಳುತ್ತದೆ, ಆ ಬಿಗಿತವೇ ಮತ್ತೆ ಒತ್ತಿದ ಹಾಗೆ ಕಾಣುತ್ತದೆ. ಸುಮ್ನೆ ಮೂಲವ್ಯಾಧಿ ಅಂದುಕೊಂಡು ಬೋರ್ಡ್ ಹಾಕಿಕೊಂಡವರ ಹತ್ತಿರ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ, ದಯವಿಟ್ಟು.

ಹಾಗಾಗಿ ಮೊದಲ ಕೆಲಸ, ತಿಣುಕುವುದನ್ನು ನಿಲ್ಲಿಸಿ. ಐದು ನಿಮಿಷ ಕೂತು ಎದ್ದು ಬನ್ನಿ. ಮೊಬೈಲ್ ಹೊರಗಿರಲಿ. ಕಮೋಡ್ ಆದರೆ ಕಾಲ ಕೆಳಗೆ ಗಿಡ್ಡ ಮಣೆ ಇಟ್ಟುಕೊಂಡು ಸ್ವಲ್ಪ ಮುಂದಕ್ಕೆ ಬಾಗಿ. ಎದ್ದ ಮೇಲೂ ಉಳಿದಿದೆ ಅನ್ನಿಸುತ್ತದೆ, ಅನ್ನಿಸಲಿ. ಹತ್ತಿಪ್ಪತ್ತು ನಿಮಿಷ ಓಡಾಡಿದರೆ ಎಷ್ಟೋ ಸಲ ತಾನಾಗಿ ಇಳಿಯುತ್ತದೆ.

ತಿಂಡಿ, ಕಾಫಿ ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುವುದು ಎಲ್ಲರಿಗೂ ಇದೆ. ನಿಮಗೆ ಜಾಸ್ತಿ. ಅದರ ಮೇಲೆ ಬಸ್ ತಪ್ಪುವ ಗಾಬರಿ ಬೇರೆ, ಅಲ್ವಾ? ಅರ್ಧ ಗಂಟೆ ಮುಂಚೆ ಎದ್ದು ತಿಂಡಿ ಮುಗಿಸಿ.

ನಮ್ಮ ಕಡೆಯ ಕಡುಬು, ಅಕ್ಕಿರೊಟ್ಟಿ ಸಾಮಾನ್ಯವಾಗಿ ಒಗ್ಗುತ್ತವೆ. ಹಲಸಿನ ಹಣ್ಣು, ಈರುಳ್ಳಿ, ಬೆಳ್ಳುಳ್ಳಿ, ಹಾಲು ಹಲವರಿಗೆ ಗ್ಯಾಸ್ ಮಾಡುತ್ತವೆ. ಎಲ್ಲಾ ಒಟ್ಟಿಗೆ ಬಿಡಬೇಡಿ. ಒಂದೊಂದನ್ನೇ ಎರಡು ವಾರ ಬಿಟ್ಟು ನೋಡಿ. ಇಸಬಗೋಲು ದಿನಕ್ಕೆ ಒಂದು ಚಮಚ, ಒಂದು ದೊಡ್ಡ ಲೋಟ ನೀರಿನಲ್ಲಿ.

ಸಂಜೆ ಬಂದ ಮೇಲೆ ಅಗಲದ ಟಬ್ಬಿಗೆ ಬಚ್ಚಲ ಹಂಡೆಯ ನೀರು ಹಾಕಿ, ಕೈಗೆ ಹದವಾಗಿ ಬೆಚ್ಚಗಾಗುವಷ್ಟು ತಣ್ಣೀರು ಬೆರೆಸಿ, ಹತ್ತು ಹದಿನೈದು ನಿಮಿಷ ಕೂರಿ. ಬಿಗಿದ ಸ್ನಾಯು ಸಡಿಲಾಗುವುದು ನಿಮಗೇ ಗೊತ್ತಾಗುತ್ತದೆ.

ಎರಡು ತಿಂಗಳಲ್ಲೂ ಹಗುರಾಗದಿದ್ದರೆ ಜೀರ್ಣಾಂಗ ತಜ್ಞರನ್ನು ಮತ್ತೆ ಕಾಣಿ. ಖಿನ್ನತೆಗೆ ಕೊಡುವ ಮಾತ್ರೆಯನ್ನೇ ತೀರಾ ಕಡಿಮೆ ಪ್ರಮಾಣದಲ್ಲಿ ಬರೆಯಬಹುದು. ಅದು ಕರುಳಿನ ನರಗಳಿಗೆ, ಹೆದರಬೇಡಿ. ಮಲದಲ್ಲಿ ರಕ್ತ, ತೂಕ ಇಳಿಯುವುದು, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, ಇವುಗಳಲ್ಲಿ ಒಂದು ಕಂಡರೂ ಎರಡು ತಿಂಗಳು ಕಾಯಬೇಡಿ, ತಕ್ಷಣ ಹೋಗಿ.